ಮಗುವಿನ ಭಾವಚಿತ್ರ ಬರೆಯುವ ಆಸೆಯೇ? ಅತಿ ಮುದ್ದಾದ ಫೋಟೋ ಪಕ್ಕಕ್ಕಿಡಿ, ಇಂಥ ಫೋಟೋ ಆರಿಸಿ

ಮಗುವಿಗೆ ಐದು ವರ್ಷ ತುಂಬುವ ಹೊತ್ತಿಗೆ ಅಪ್ಪ-ಅಮ್ಮನ ಮೊಬೈಲ್‌ನಲ್ಲಿ ಸಾವಿರಾರು ಫೋಟೋಗಳು ಸೇರಿರುತ್ತವೆ. ಹುಟ್ಟುಹಬ್ಬದ ಕೇಕ್, ಶಾಲೆಯ ಮೊದಲ ದಿನ, ಊರಿನ ಜಾತ್ರೆ, ಅಜ್ಜನ ಹೆಗಲ ಮೇಲಿನ ಸವಾರಿ. ಆದರೆ ಒಂದು ಭಾನುವಾರ ಬಣ್ಣ, ಕುಂಚ ಹಿಡಿದು ಮಗುವಿನ ಚಿತ್ರ ಬರೆಯಲು ಕೂತರೆ ಅಷ್ಟೂ ಫೋಟೋಗಳಲ್ಲಿ ಒಂದೂ ಸರಿಯಾಗಿ ಒದಗುವುದಿಲ್ಲ. ಎಲ್ಲಕ್ಕಿಂತ ಇಷ್ಟವಾದ ಫೋಟೋ ಎದುರಿಗಿಟ್ಟುಕೊಂಡು ವಾರಗಟ್ಟಲೆ ಬರೆದರೂ ಕೊನೆಗೆ ಹಾಳೆಯ ಮೇಲೆ ಮೂಡುವುದು ಯಾರದೋ ಮಗು. ಇಲ್ಲವೇ ಮಗುವಿನ ಅಂಗಿ ತೊಟ್ಟ ನಡುವಯಸ್ಸಿನ ವ್ಯಕ್ತಿ!

ಆಗ ಬಹುತೇಕರು ತಮ್ಮ ಕೈಯನ್ನೇ ದೂರುತ್ತಾರೆ. 'ನನಗೆ ಚಿತ್ರಕಲೆ ಬರುವುದಿಲ್ಲ' ಎಂದು ಕುಂಚ ತೊಳೆದಿಟ್ಟುಬಿಡುತ್ತಾರೆ. ಆದರೆ ಎಷ್ಟೋ ಸಲ ತಪ್ಪು ಆಗಿರುವುದು ಪೆನ್ಸಿಲ್ ಹಿಡಿಯುವ ಮೊದಲೇ, ಅಂದರೆ ಫೋಟೋ ಆರಿಸುವಾಗಲೇ. ಹಾಗಾದರೆ ಭಾವಚಿತ್ರಕ್ಕೆ ಎಂಥ ಫೋಟೋ ಬೇಕು? ಮೊಬೈಲ್ ಕ್ಯಾಮೆರಾ ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ? ಇಲ್ಲಿದೆ ವಿವರ.

ಇಷ್ಟದ ಫೋಟೋ ಬೇರೆ, ಚಿತ್ರಕ್ಕೆ ಒದಗುವ ಫೋಟೋ ಬೇರೆ

'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆ ಇಲ್ಲಿ ಚೆನ್ನಾಗಿ ಅನ್ವಯಿಸುತ್ತದೆ. ಹೆತ್ತವರು ಫೋಟೋ ನೋಡುವಾಗ ಅದರಲ್ಲಿ ಇರುವುದನ್ನಷ್ಟೇ ನೋಡುವುದಿಲ್ಲ. ಆ ದಿನ ಮಗು ಏನು ಹೇಳಿತ್ತು, ಎಷ್ಟು ಹಟ ಮಾಡಿತ್ತು, ಜ್ವರ ಬಿಟ್ಟು ಮೊದಲ ಬಾರಿ ನಕ್ಕಿದ್ದು ಯಾವಾಗ ಎಂಬುದೆಲ್ಲ ಮನಸ್ಸಿಗೆ ಬರುತ್ತದೆ. ಫೋಟೋ ಮಸುಕಾಗಿದ್ದರೂ ನೆನಪು ಅದನ್ನು ತುಂಬಿಕೊಡುತ್ತದೆ.

ಕುಂಚಕ್ಕೆ ಈ ನೆನಪು ಸಿಗುವುದಿಲ್ಲ. ಅದಕ್ಕೆ ಬೇಕಾಗಿರುವುದು ಮಾಹಿತಿ. ಹಣೆ ಎಲ್ಲಿ ತಿರುಗುತ್ತದೆ, ಕೆನ್ನೆ ಎಷ್ಟು ಉಬ್ಬಿದೆ, ಮೂಗಿನ ನೆರಳು ಎಲ್ಲಿ ಬಿದ್ದಿದೆ, ಕಣ್ಣಿನ ರೆಪ್ಪೆಯ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಫೋಟೋದಲ್ಲಿ ಕಾಣಬೇಕು. ಕಾಣದಿದ್ದರೆ ಬರೆಯುವವರು ಊಹಿಸಬೇಕಾಗುತ್ತದೆ. ಹೊಸಬರ ಊಹೆ ಸಾಮಾನ್ಯವಾಗಿ 'ಎಲ್ಲ ಕಣ್ಣುಗಳಂಥ ಕಣ್ಣು, ಎಲ್ಲ ಮೂಗಿನಂಥ ಮೂಗು' ಕಡೆಗೆ ಜಾರುತ್ತದೆ. ಹೋಲಿಕೆ ತಪ್ಪುವುದು ಅಲ್ಲೇ.

ಹೀಗಾಗಿ ಆಯ್ಕೆಯ ಮೊದಲ ಪ್ರಶ್ನೆ 'ಈ ಫೋಟೋ ನನಗೆ ಎಷ್ಟು ಇಷ್ಟ?' ಎಂಬುದಲ್ಲ. 'ನನ್ನ ಮಗುವನ್ನು ಒಮ್ಮೆಯೂ ನೋಡದವರಿಗೆ ಈ ಫೋಟೋ ಏನನ್ನು ತೋರಿಸುತ್ತದೆ?' ಎಂಬುದು.

ಬೆಳಕು ಒಂದೇ ಕಡೆಯಿಂದ ಬರಲಿ

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ದೀಪ ಹಿಡಿದು ನಿಂತ ಮಹಿಳೆಯ ಚಿತ್ರವನ್ನು ಮರೆಯಲಾರರು. 'ಗ್ಲೋ ಆಫ್ ಹೋಪ್' ಎಂಬ ಈ ಚಿತ್ರವನ್ನು ರಾಜಾ ರವಿವರ್ಮನದ್ದು ಎಂದು ತಿಳಿದವರು ಹಲವರಿದ್ದಾರೆ. ವಾಸ್ತವದಲ್ಲಿ ಇದನ್ನು ಬರೆದವರು ಸಾವಂತವಾಡಿ ಮೂಲದ, ಮುಂಬೈನ ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಎಸ್.ಎಲ್. ಹಳದಣಕರ್. ಬಳಸಿದ್ದು ಜಲವರ್ಣ. ಚಿತ್ರದಲ್ಲಿರುವುದು ಅವರ ಸ್ವಂತ ಮಗಳು ಗೀತಾ.

ಹಳದಣಕರ್ ಫೋಟೋ ನೋಡಿ ಬರೆಯಲಿಲ್ಲ, ಮಗಳು ದೀಪ ಹಿಡಿದು ತಾಸುಗಟ್ಟಲೆ ಎದುರಿಗೆ ನಿಂತಿದ್ದರು. ಆದರೆ ಫೋಟೋ ಆರಿಸುವವರಿಗೂ ಆ ಚಿತ್ರದಲ್ಲಿ ಪಾಠವಿದೆ. ಅಲ್ಲಿ ಬೆಳಕಿನ ಮೂಲ ಒಂದೇ, ಅದು ಕೈಯಲ್ಲಿರುವ ದೀಪ. ಆ ಬೆಳಕು ಬೆರಳುಗಳ ನಡುವೆ ಕೆಂಪಾಗಿ, ಮುಖದ ಮೇಲೆ ಹೊಂಬಣ್ಣವಾಗಿ ಬಿದ್ದು ಉಳಿದದ್ದನ್ನು ನೆರಳಿಗೆ ಬಿಡುತ್ತದೆ. ಮುಖದ ಉಬ್ಬು-ತಗ್ಗು ನಮಗೆ ಕಾಣುವುದೇ ಆ ನೆರಳಿನಿಂದ.

ನಾಲ್ಕೈದು ವರ್ಷದ ಮಗು ಗಂಟೆಗಟ್ಟಲೆ ನಿಲ್ಲುವುದಿಲ್ಲ. ಐದು ನಿಮಿಷ ಕೂತರೂ ಪುಣ್ಯ. ಹಾಗಾಗಿ ಫೋಟೋ ಅನಿವಾರ್ಯ. ಆದರೆ ಬೆಳಕಿನ ಈ ನಿಯಮ ಫೋಟೋಗೂ ಒಂದೇ.

ಫ್ಲ್ಯಾಷ್ ಹಾಕಿ ತೆಗೆದ ಫೋಟೋದಲ್ಲಿ ಬೆಳಕು ನೇರವಾಗಿ ಮುಖಕ್ಕೆ ಬಡಿಯುವುದರಿಂದ ನೆರಳೆಲ್ಲ ಅಳಿಸಿಹೋಗಿ ಮುಖ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ನಡುಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದರೆ ಹುಬ್ಬಿನ ಕೆಳಗೆ ಕಪ್ಪು ನೆರಳು ಬಿದ್ದು ಕಣ್ಣುಗಳೇ ಕಾಣುವುದಿಲ್ಲ, ಜೊತೆಗೆ ಮಗು ಮುಖ ಕಿವುಚಿರುತ್ತದೆ. ಮದುವೆ ಮಂಟಪದಲ್ಲಿ ಹತ್ತು ದಿಕ್ಕಿನಿಂದ ಬಣ್ಣದ ದೀಪಗಳಿರುತ್ತವೆ, ಕೆನ್ನೆಯ ಒಂದು ಬದಿ ನೇರಳೆ, ಇನ್ನೊಂದು ಬದಿ ಹಸಿರು.

ಒಳ್ಳೆಯ ಆಯ್ಕೆ ಎಂದರೆ ಕಿಟಕಿಯ ಬೆಳಕು. ನೇರ ಬಿಸಿಲು ಬೀಳದ ಕಿಟಕಿ ಅಥವಾ ಬಾಲ್ಕನಿ ಬಾಗಿಲ ಪಕ್ಕ ಮಗುವನ್ನು ಕೂರಿಸಿ, ಬೆಳಕು ಒಂದು ಬದಿಯಿಂದ ತುಸು ಓರೆಯಾಗಿ ಬೀಳುವಂತೆ ನೋಡಿಕೊಳ್ಳಿ. ಕೋಣೆಯ ಟ್ಯೂಬ್‌ಲೈಟ್ ಆರಿಸಿ. ನೆರಳಿನ ಬದಿ ತೀರಾ ಕಪ್ಪಾದರೆ ಆ ಕಡೆ ಒಂದು ಬಿಳಿ ಪಂಚೆಯನ್ನೋ ಬೆಡ್‌ಶೀಟನ್ನೋ ಇಳಿಬಿಡಿ, ಅದು ಬೆಳಕನ್ನು ವಾಪಸ್ ಎಸೆಯುತ್ತದೆ. ಭಾರತದಂಥ ಉತ್ತರ ಗೋಳಾರ್ಧದ ದೇಶಗಳಲ್ಲಿ ಕಲಾವಿದರು ಉತ್ತರದ ಕಿಟಕಿಯನ್ನು ಇಷ್ಟಪಡುವುದಕ್ಕೂ ಇದೇ ಕಾರಣ: ಅಲ್ಲಿ ನೇರ ಬಿಸಿಲು ಬೀಳುವುದು ಕಡಿಮೆ, ದಿನವಿಡೀ ಬೆಳಕು ಹೆಚ್ಚೂಕಡಿಮೆ ಒಂದೇ ಥರ ಇರುತ್ತದೆ.

ಎರಡೂ ಕಣ್ಣುಗಳಲ್ಲಿ ಬೆಳಕಿನ ಚಿಕ್ಕ ಚುಕ್ಕೆ ಕಾಣುತ್ತಿದೆಯೇ ಎಂದು ಗಮನಿಸಿ. ಆ ಚುಕ್ಕೆ ಇಲ್ಲದ ಕಣ್ಣು ಚಿತ್ರದಲ್ಲಿ ಕಳೆಗುಂದಿ ಕಾಣುತ್ತದೆ.

ಮೊಬೈಲ್ ಹತ್ತಿರ ಹಿಡಿದರೆ ಮೂಗು ದಪ್ಪ

ಮೊಬೈಲ್‌ನ ಮುಖ್ಯ ಕ್ಯಾಮೆರಾ ಅಗಲವಾದ ನೋಟ ಹಿಡಿಯುವಂಥದ್ದು. ಮುಖ ತುಂಬಾ ಕಾಣಲಿ ಎಂದು ನಾವು ಅದನ್ನು ಮಗುವಿನ ಮುಖಕ್ಕೆ ಒಂದಡಿ ಹತ್ತಿರ ಒಯ್ಯುತ್ತೇವೆ. ಆಗ ಕ್ಯಾಮೆರಾಕ್ಕೆ ಹತ್ತಿರವಿರುವ ಮೂಗು ದೊಡ್ಡದಾಗಿ, ದೂರವಿರುವ ಕಿವಿ ಚಿಕ್ಕದಾಗಿ ಬೀಳುತ್ತವೆ.

ಇದು ಬರೀ ಕಣ್ಣಿನ ಭ್ರಮೆಯಲ್ಲ. ವಯಸ್ಕರ ಸೆಲ್ಫಿ ಕುರಿತು ಅಮೆರಿಕದ ವೈದ್ಯರು 2018ರಲ್ಲಿ ಪ್ರಕಟಿಸಿದ ಲೆಕ್ಕಾಚಾರದ ಪ್ರಕಾರ, 12 ಇಂಚು ದೂರದಿಂದ ತೆಗೆದ ಫೋಟೋದಲ್ಲಿ ಮೂಗಿನ ಬುಡದ ಅಗಲ ಸುಮಾರು ಶೇ 30ರಷ್ಟು ಹೆಚ್ಚಾಗಿ ಕಾಣುತ್ತದೆ. 5 ಅಡಿ ದೂರದಿಂದ ತೆಗೆದರೆ ಈ ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆ.

ನಾವು ಮಗುವನ್ನು ಎದುರಿಗೆ ನೋಡುವಾಗ ಮಿದುಳು ಈ ದೂರವನ್ನು ಸರಿದೂಗಿಸಿಕೊಳ್ಳುತ್ತದೆ. ಫೋಟೋವನ್ನು ಗೆರೆ ಗೆರೆ ನಕಲು ಮಾಡುವಾಗ ಮಾತ್ರ ಆ ದಪ್ಪ ಮೂಗು ಹಾಗೇ ಹಾಳೆಗೆ ಇಳಿಯುತ್ತದೆ. 'ಎಲ್ಲ ಅಳತೆ ಸರಿಯಾಗಿದೆ, ಆದರೂ ನನ್ನ ಮಗಳ ಥರ ಇಲ್ಲ' ಎಂದು ಅನ್ನಿಸುವುದಕ್ಕೆ ಇದೊಂದು ದೊಡ್ಡ ಕಾರಣ.

ಪರಿಹಾರ ಸರಳ. ಐದಾರು ಅಡಿ ಹಿಂದೆ ಸರಿದು ನಿಂತು, 2ಎಕ್ಸ್ ಅಥವಾ 3ಎಕ್ಸ್ ಒತ್ತಿ ತೆಗೆಯಿರಿ. ಹಳೆಯ ಫೋಟೋಗಳಲ್ಲಿ ಹುಡುಕುವುದಾದರೆ ಮುಖ ಮಾತ್ರ ತುಂಬಿರುವ ಫೋಟೋಕ್ಕಿಂತ ಎದೆಯವರೆಗೆ ಅಥವಾ ಸೊಂಟದವರೆಗೆ ಕಾಣುವ ಫೋಟೋ ಹೆಚ್ಚು ನಂಬಿಕೆಗೆ ಅರ್ಹ.

ಇನ್ನೂ ಎರಡು ಎಚ್ಚರಿಕೆ. ಸೆಲ್ಫಿ ಕ್ಯಾಮೆರಾ ಕೆಲವು ಫೋನುಗಳಲ್ಲಿ ಕನ್ನಡಿಯಂತೆ ಎಡ-ಬಲ ತಿರುಗಿಸಿ ಉಳಿಸುತ್ತದೆ, ಬಲಗೆನ್ನೆಯ ಮಚ್ಚೆ ಎಡಕ್ಕೆ ಹೋಗಿರುತ್ತದೆ. 'ಪೋರ್ಟ್ರೇಟ್ ಮೋಡ್' ಹೆಸರೇ ಭಾವಚಿತ್ರದ್ದಾದರೂ ಹಿನ್ನೆಲೆ ಮಸುಕು ಮಾಡುವ ಭರದಲ್ಲಿ ಹಾರುವ ಕೂದಲು, ಕಿವಿಯ ಅಂಚುಗಳನ್ನೂ ಒರೆಸಿಬಿಡುವುದುಂಟು.

ನಿಂತು ತೆಗೆಯಬೇಡಿ, ಕೂತು ತೆಗೆಯಿರಿ

ಮಗುವಿನ ಮುಖ ದೊಡ್ಡವರ ಮುಖದ ಚಿಕ್ಕ ಪ್ರತಿ ಅಲ್ಲ. ದೊಡ್ಡವರಲ್ಲಿ ಕಣ್ಣುಗಳು ತಲೆಯ ಎತ್ತರದ ಸರಿಸುಮಾರು ನಡುವೆ ಇರುತ್ತವೆ. ಪುಟ್ಟ ಮಕ್ಕಳಲ್ಲಿ ತಲೆಬುರುಡೆಯ ಭಾಗ ದೊಡ್ಡದು, ದವಡೆ ಚಿಕ್ಕದು. ಹೀಗಾಗಿ ಕಣ್ಣುಗಳು ನಡುಗೆರೆಗಿಂತ ಕೆಳಗೆ ಬರುತ್ತವೆ. ನವಜಾತ ಶಿಶುವಿನ ತಲೆ ಇಡೀ ದೇಹದ ಉದ್ದದ ಸುಮಾರು ನಾಲ್ಕನೇ ಒಂದು ಭಾಗ. ದೊಡ್ಡವರಲ್ಲಿ ಅದು ಏಳೂವರೆಯಲ್ಲಿ ಒಂದು ಪಾಲು ಮಾತ್ರ.

ನಾವು ನಿಂತಲ್ಲಿಂದಲೇ, ಮೇಲಿನಿಂದ ಕೆಳಕ್ಕೆ ಫೋಟೋ ತೆಗೆದಾಗ ಈ ಅಳತೆ ಇನ್ನಷ್ಟು ವಿಪರೀತವಾಗುತ್ತದೆ. ಹಣೆ ಬುಗುಟಾಗಿ, ಗಲ್ಲ ಮಾಯವಾಗಿ, ಕಾಲುಗಳು ಕಡ್ಡಿಯಾಗಿ ಕಾಣುತ್ತವೆ. ಬಹುಪಾಲು ಮನೆಗಳ ಫೋಟೋಗಳು ಹೀಗೆಯೇ ಇರುತ್ತವೆ. ಅದಕ್ಕೇ ಚಿತ್ರಕ್ಕೆಂದು ಫೋಟೋ ತೆಗೆಯುವಾಗ ನೆಲದ ಮೇಲೆ ಕೂತು, ಕ್ಯಾಮೆರಾವನ್ನು ಮಗುವಿನ ಕಣ್ಣಿನ ಎತ್ತರಕ್ಕೆ ತನ್ನಿ. ಮಗು ನಮ್ಮನ್ನು ತಲೆಯೆತ್ತಿ ನೋಡುವ ಬದಲು ಸಮಾನವಾಗಿ ನೋಡುತ್ತದೆ. ಚಿತ್ರದ ಭಾವವೇ ಅದರಿಂದ ಬದಲಾಗುತ್ತದೆ.

ಹಲ್ಲುಬಿಟ್ಟ ನಗು ಬೇಡವೇ?

ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿ. ಮಗು ಕಿಲಕಿಲ ನಗುವ ಫೋಟೋ ಯಾರಿಗೆ ಇಷ್ಟವಿಲ್ಲ? ಆದರೆ ಕ್ಯಾಮೆರಾ ಆ ನಗುವನ್ನು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಹಿಡಿದಿರುತ್ತದೆ. ಗೋಡೆಯ ಮೇಲಿನ ಚಿತ್ರದಲ್ಲಿ ಅದೇ ನಗು ಹಗಲೂ ರಾತ್ರಿ ನಿಲ್ಲಬೇಕು. ಸ್ವಲ್ಪ ದಿನಗಳಲ್ಲೇ ಅದು ಬಿಗಿದುಕೊಂಡಂತೆ ಕಾಣತೊಡಗುತ್ತದೆ.

ತಾಂತ್ರಿಕ ತೊಡಕೂ ಇದೆ. ನಕ್ಕಾಗ ಮೂಗಿನಿಂದ ಬಾಯಿಯ ಅಂಚಿಗೆ ಮಡಿಕೆ ಬೀಳುತ್ತದೆ, ಕಣ್ಣಿನ ಕೆಳಗೆ ಗೆರೆ ಮೂಡುತ್ತದೆ. ಫೋಟೋದಲ್ಲಿ ಅದು ಮೃದುವಾದ ನೆರಳು. ಪೆನ್ಸಿಲ್‌ನಲ್ಲಿ ಗೆರೆಯಾಗಿ ಎಳೆದ ಕ್ಷಣ ಅದು ಸುಕ್ಕು. ಹಲ್ಲುಗಳನ್ನು ಒಂದೊಂದಾಗಿ ಬಿಡಿಸಿದರಂತೂ ಮಗುವಿನ ವಯಸ್ಸು ಮೂರು ಪಟ್ಟಾಗುತ್ತದೆ.

ಹಾಗೆಂದು ಗಂಭೀರ ಮುಖವೇ ಬೇಕೆಂದಿಲ್ಲ. ಫ್ಲಾಂಡರ್ಸ್‌ನ ಚಿತ್ರಕಾರ ರೂಬೆನ್ಸ್ 1616ರ ಸುಮಾರಿಗೆ ತನ್ನ ಐದು ವರ್ಷದ ಮಗಳು ಕ್ಲಾರಾ ಸೆರೆನಾಳ ಚಿತ್ರ ಬರೆದಿದ್ದ. ಬಾಯಿ ಮುಚ್ಚಿದೆ, ಕೆನ್ನೆ ಕೆಂಪಾಗಿದೆ, ಕಣ್ಣು ನೇರ ನೋಡುವವರ ಕಡೆಗಿದೆ. ನಗು ಇನ್ನೇನು ಬಂತು ಎನ್ನುವಂತಿದೆ. ಅಂಗಿಯನ್ನು ಗಡಿಬಿಡಿಯಲ್ಲಿ ನಾಲ್ಕು ಗೆರೆಯಲ್ಲಿ ಮುಗಿಸಿದ ಆತ ಮುಖಕ್ಕೆ ಮಾತ್ರ ಪೂರ್ತಿ ಗಮನ ಕೊಟ್ಟಿದ್ದಾನೆ. ನಾಲ್ಕು ಶತಮಾನ ಕಳೆದರೂ ಆ ಹುಡುಗಿ ಈಗಷ್ಟೇ ಆಟ ಬಿಟ್ಟು ಬಂದು ನಿಂತಂತಿದ್ದಾಳೆ.

ಇಂಥ ಕ್ಷಣ 'ಸ್ಮೈಲ್ ಮಾಡು' ಎಂದರೆ ಸಿಗುವುದಿಲ್ಲ. ಮಗು ಬ್ಲಾಕ್ಸ್ ಜೋಡಿಸುವಾಗ, ಕಥೆ ಕೇಳುವಾಗ, ನಕ್ಕು ಮುಗಿದ ಮರುಕ್ಷಣ ಸಿಗುತ್ತದೆ. ಸಾಲಾಗಿ ಹತ್ತಾರು ಫೋಟೋ ತೆಗೆಯುವ 'ಬರ್ಸ್ಟ್' ಆಯ್ಕೆ ಇದಕ್ಕೆ ಅನುಕೂಲ. 4ಕೆ ವಿಡಿಯೋ ತೆಗೆದು ಅದರಿಂದ ಒಂದು ಚೌಕಟ್ಟು ಆರಿಸಿಕೊಳ್ಳಬಹುದು, ಅದರಲ್ಲಿ ಸುಮಾರು 80 ಲಕ್ಷ ಪಿಕ್ಸೆಲ್ ಇರುತ್ತದೆ. ಸಾಮಾನ್ಯ ಫುಲ್ ಎಚ್‌ಡಿ ವಿಡಿಯೋದಲ್ಲಿ ಸಿಗುವುದು ಸುಮಾರು 20 ಲಕ್ಷ ಮಾತ್ರ.

ಫಿಲ್ಟರ್ ತೆಗೆಯಿರಿ, ಮಗುವಿನ ಬಣ್ಣ ಮಗುವಿಗೇ ಇರಲಿ

ಅನೇಕ ಫೋನುಗಳ ಬ್ಯೂಟಿ ಫಿಲ್ಟರ್ ಕೇಳದೆಯೇ ಚರ್ಮವನ್ನು ನುಣುಪು ಮಾಡುತ್ತದೆ, ಬಣ್ಣವನ್ನು ತಿಳಿಯಾಗಿಸುತ್ತದೆ, ಕಣ್ಣನ್ನು ಹಿಗ್ಗಿಸುತ್ತದೆ. ಮಗುವಿನ ಫೋಟೋದಲ್ಲಿ ಇದು ಸುಲಭವಾಗಿ ಗೊತ್ತಾಗುವುದೂ ಇಲ್ಲ. ಇಂಥ ಫೋಟೋ ಆಧರಿಸಿ ಬರೆದ ಚಿತ್ರ ನಿಮ್ಮ ಮಗುವಿನದ್ದಲ್ಲ, ಸಾಫ್ಟ್‌ವೇರ್‌ನ ಕಲ್ಪನೆಯದ್ದು.

ಇದರ ಜೊತೆಗೆ ಇನ್ನೊಂದು ಸೂಕ್ಷ್ಮ ವಿಷಯವಿದೆ. 'ಸ್ವಲ್ಪ ಬೆಳ್ಳಗೆ ಮಾಡಿ' ಎಂಬ ಮಾತು ಫೋಟೋ ಸ್ಟುಡಿಯೋಗಳಿಗೂ ಭಾವಚಿತ್ರ ಬರೆಯುವವರಿಗೂ ಹೊಸದಲ್ಲ. ಎಷ್ಟೋ ಸಲ ಹೆತ್ತವರೇ ಕುಂಚ ಹಿಡಿದಾಗಲೂ ಒಳಗಿನಿಂದ ಆ ದನಿ ಕೇಳುತ್ತದೆ. ಆದರೆ ಈ ಚಿತ್ರವನ್ನು ನಾಳೆ ಆ ಮಗುವೇ ನೋಡುತ್ತದೆ. ಹತ್ತು ವರ್ಷದ ಹುಡುಗಿ ಗೋಡೆಯ ಮೇಲೆ ತನಗಿಂತ ಬೆಳ್ಳಗಿರುವ ತನ್ನನ್ನೇ ನೋಡಿದರೆ, ತಾನು ಇರುವ ಹಾಗೆ ಅಪ್ಪ-ಅಮ್ಮನಿಗೆ ಸಾಲಲಿಲ್ಲ ಎಂಬ ಸಂದೇಶ ಯಾರೂ ಬಾಯಿಬಿಡದೆಯೇ ತಲುಪಿಬಿಡುತ್ತದೆ. ಗೋಧಿ ಬಣ್ಣ, ಎಣ್ಣೆಗಪ್ಪು ಬಣ್ಣಗಳಲ್ಲಿ ಬೆಳಕು ಆಡುವ ರೀತಿ ಬಲು ಸುಂದರ. ಹಣೆಯ ಹೊಳಪು, ಕೆನ್ನೆಯ ಕೆಂಪು ಮಿಶ್ರಿತ ಕಂದು, ನೆರಳಿನಲ್ಲಿ ಇಣುಕುವ ನೀಲಿ ಛಾಯೆ ಇವೆಲ್ಲ ಬರೆಯುವವರಿಗೆ ಹಬ್ಬ.

ಸರಿಯಾದ ಬಣ್ಣ ಸಿಗಬೇಕೆಂದರೆ ಫಿಲ್ಟರ್ ಬಂದ್ ಮಾಡಿ. ಒಂದು ಫೋಟೋದಲ್ಲಿ ಮಗುವಿನ ಕೈಗೆ ಬಿಳಿ ಹಾಳೆ ಕೊಟ್ಟು ತೆಗೆಯಿರಿ. ಹಾಳೆ ಹಳದಿಯಾಗಿ ಅಥವಾ ನೀಲಿಯಾಗಿ ಕಂಡರೆ ಚರ್ಮದ ಬಣ್ಣವೂ ಅಷ್ಟೇ ಬದಲಾಗಿದೆ ಎಂದರ್ಥ. ಕೆನ್ನೆಯ ದೃಷ್ಟಿಬೊಟ್ಟು, ಮೊಣಕೈ ಗಾಯದ ಕಲೆ, ಬಿದ್ದ ಹಾಲುಹಲ್ಲಿನ ಕಿಂಡಿ ಇವನ್ನು ಅಳಿಸಬೇಡಿ. ಮಕ್ಕಳ ಹಾಲುಹಲ್ಲು ಬೀಳತೊಡಗುವುದು ಆರರ ಆಸುಪಾಸಿನಲ್ಲಿ. ಆ ಕಿಂಡಿ ಕೆಲವೇ ತಿಂಗಳ ಅತಿಥಿ.

ಎರಡು ಫೋಟೋ ಬೆರೆಸುವಾಗ

ಒಂದರಲ್ಲಿ ಕಣ್ಣು ಚೆನ್ನ, ಇನ್ನೊಂದರಲ್ಲಿ ಬಾಯಿ ಚೆನ್ನ. ಎರಡನ್ನೂ ಸೇರಿಸಿದರೆ? ಬೆಳಕಿನ ದಿಕ್ಕು, ತಲೆಯ ಓರೆ, ಕ್ಯಾಮೆರಾದ ದೂರ ಈ ಮೂರೂ ಹೊಂದಿದರೆ ಮಾತ್ರ ಇದು ಸಾಧ್ಯ. ಜೊತೆಗೆ ಎರಡೂ ಒಂದೇ ವಯಸ್ಸಿನವಾಗಿರಬೇಕು. ಪುಟ್ಟ ಮಕ್ಕಳ ಮುಖ ಆರು ತಿಂಗಳಲ್ಲೇ ಬದಲಾಗಿರುತ್ತದೆ.

ಸುರಕ್ಷಿತ ದಾರಿ ಎಂದರೆ ಬೆಳಕು ಮತ್ತು ಭಂಗಿಗೆ ಒಂದೇ ಮುಖ್ಯ ಫೋಟೋ. ಉಳಿದ ನಾಲ್ಕೈದು ಫೋಟೋಗಳು ಸಾಕ್ಷಿಗಳಿದ್ದಂತೆ. ಕಿವಿಯ ಆಕಾರ, ರೆಪ್ಪೆಯ ಮಡಿಕೆ, ಕೂದಲಿನ ಸುಳಿ ಗೊತ್ತಾಗದಿದ್ದಾಗ ಅವನ್ನು ಕೇಳಿ. ಮಗು ಮನೆಯಲ್ಲೇ ಇದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇರೆ ಬೇಕಿಲ್ಲ.

ಕ್ಯಾನ್ವಾಸ್ ಕೊಳ್ಳುವ ಮುನ್ನ ಫೋಟೋದ ಅಳತೆಯನ್ನೂ ನೋಡಿ. ಮೊಬೈಲ್ ಫೋಟೋಗಳು ಸಾಮಾನ್ಯವಾಗಿ 3:4 ಅನುಪಾತದಲ್ಲಿರುತ್ತವೆ. 12 x 16 ಇಂಚಿನ ಕ್ಯಾನ್ವಾಸ್‌ಗೆ ಇದು ಸರಿಯಾಗಿ ಕೂರುತ್ತದೆ. 16 x 20 ಇಂಚಿನದ್ದಾದರೆ ಮೇಲೆ ಅಥವಾ ಕೆಳಗೆ ಕತ್ತರಿಸಬೇಕಾಗುತ್ತದೆ. ಚೌಕ ಹಾಕಿಕೊಂಡು ಬರೆಯುವವರಿಗೆ ಇದು ಮುಖ್ಯ.

ಇರುವುದು ಒಂದೇ ಹಳೆಯ ಫೋಟೋ ಆದರೆ?

ಎಲ್ಲರಿಗೂ ಮತ್ತೊಂದು ಫೋಟೋ ತೆಗೆಯುವ ಭಾಗ್ಯ ಇರುವುದಿಲ್ಲ. ಮಗು ಬೆಳೆದು ದೂರದ ದೇಶದಲ್ಲಿರಬಹುದು. ಮಗುವೇ ಇಲ್ಲವಾಗಿರಲೂಬಹುದು. ಉಳಿದಿರುವುದು ಆಲ್ಬಮ್‌ನ ಮಾಸಿದ ಒಂದು ಪ್ರತಿ ಅಥವಾ ಗುಂಪು ಫೋಟೋದ ಮೂಲೆಯಲ್ಲಿರುವ ಪುಟ್ಟ ಮುಖ.

ಇಂಥ ಸಂದರ್ಭದಲ್ಲಿ ಎಐ ಆ್ಯಪ್‌ಗಳು ದೊಡ್ಡ ಆಮಿಷ. ಮಸುಕು ಮುಖವನ್ನು ಕ್ಷಣಾರ್ಧದಲ್ಲಿ ಸ್ಪಷ್ಟ ಮಾಡಿಕೊಡುತ್ತವೆ. ಆದರೆ ಫೋಟೋದಲ್ಲಿ ಇಲ್ಲದ ವಿವರವನ್ನು ಯಾವ ಆ್ಯಪ್ ಕೂಡ ಹುಡುಕಿ ತರಲಾರದು. ಅದು ಲಕ್ಷಾಂತರ ಬೇರೆ ಮುಖಗಳಿಂದ ಕಲಿತದ್ದನ್ನು ತಂದು ತುಂಬುತ್ತದೆ. ಬರುವ ರೆಪ್ಪೆ, ಬರುವ ತುಟಿ ನಿಮ್ಮ ಮಗುವಿನದ್ದಾಗಿರುವುದಿಲ್ಲ.

ಬದಲಿಗೆ ಹಳೆಯ ಪ್ರತಿಯನ್ನು ಸ್ಕ್ಯಾನರ್‌ನಲ್ಲಿ ಹೆಚ್ಚಿನ ರೆಸಲ್ಯೂಷನ್‌ನಲ್ಲಿ ಸ್ಕ್ಯಾನ್ ಮಾಡಿಸಿ. ಚಿತ್ರದ ಗಾತ್ರ ಚಿಕ್ಕದಿರಲಿ. ಎಣ್ಣೆ ಬಣ್ಣಕ್ಕಿಂತ ಇದ್ದಿಲು ಅಥವಾ ಮೆತ್ತನೆ ಪೆನ್ಸಿಲ್ ಒಳ್ಳೆಯದು, ಅವುಗಳಲ್ಲಿ ಗೊತ್ತಿಲ್ಲದ ಜಾಗವನ್ನು ಗೊತ್ತಿಲ್ಲದಂತೆಯೇ ಬಿಡಬಹುದು. ಅರ್ಧ ನೆರಳಿನಲ್ಲಿ ಉಳಿದ ನಿಜವಾದ ಮುಖ, ಸುಳ್ಳಾಗಿ ತೊಳೆದಿಟ್ಟ ಮುಖಕ್ಕಿಂತ ಮೇಲು.

ಬೇರೆಯವರಿಂದ ಬರೆಸುವುದಾದರೆ

ಫೋಟೋವನ್ನು ಕಲಾವಿದರಿಗೆ ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳುಹಿಸಿದರೆ ಅದರ ಗಾತ್ರ ಕುಗ್ಗಿ ವಿವರ ಕಳೆದುಹೋಗುತ್ತದೆ. 'ಡಾಕ್ಯುಮೆಂಟ್' ಆಗಿ ಕಳುಹಿಸಿದರೆ ಮೂಲ ಫೈಲ್ ಹಾಗೇ ತಲುಪುತ್ತದೆ. ಆದರೆ ಮೂಲ ಫೈಲ್‌ನಲ್ಲಿ ಫೋಟೋ ತೆಗೆದ ಜಾಗದ ಮಾಹಿತಿಯೂ ಅಡಗಿರಬಹುದು. ಪರಿಚಯವಿಲ್ಲದವರಿಗೆ ಕಳುಹಿಸುವ ಮುನ್ನ ಅದನ್ನು ತೆಗೆದುಹಾಕಿ. ಶಾಲೆಯ ಹೆಸರು ಕಾಣುವ ಸಮವಸ್ತ್ರ, ಗುರುತಿನ ಚೀಟಿ ಫೋಟೋದಲ್ಲಿ ಇರದಂತೆ ನೋಡಿಕೊಳ್ಳಿ. ಮುಗಿದ ಚಿತ್ರವನ್ನು ಕಲಾವಿದರು ಜಾಲತಾಣಗಳಲ್ಲಿ ಹಾಕಬಹುದೇ ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ.

ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ ಬಳಸಬಹುದೇ? 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಹಣ ಕೊಟ್ಟು ತೆಗೆಸಿಕೊಂಡ ಫೋಟೋದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಹಾಗಾಗಿ ಒಪ್ಪಂದದ ಕಾಗದಕ್ಕೆ ಸಹಿ ಹಾಕಿದ್ದರೆ ಒಮ್ಮೆ ಓದಿ ನೋಡಿ.

ಕೊನೆಯ ಐದು ಪರೀಕ್ಷೆಗಳು

ಐದಾರು ಫೋಟೋ ಆರಿಸಿಕೊಂಡ ಮೇಲೆ ಹೀಗೆ ಸೋಸಿ:

* ಫೋಟೋವನ್ನು ಕಪ್ಪು-ಬಿಳುಪು ಮಾಡಿ. ಬಣ್ಣ ಹೋದ ಮೇಲೂ ಹಣೆ, ಮೂಗು, ಕೆನ್ನೆಯ ಆಕಾರ ತಿಳಿಯುತ್ತದೆಯೇ?
* ಅಂಚೆಚೀಟಿಯಷ್ಟು ಚಿಕ್ಕದು ಮಾಡಿ. ಆಗಲೂ ನಿಮ್ಮ ಮಗು ಎಂದು ಗುರುತು ಸಿಗುತ್ತದೆಯೇ?
* ಕಣ್ಣಿನವರೆಗೆ ದೊಡ್ಡದು ಮಾಡಿ. ರೆಪ್ಪೆಯ ಅಂಚು, ಬೆಳಕಿನ ಚುಕ್ಕೆ ಸ್ಪಷ್ಟವಾಗಿದೆಯೇ?
* ಮನೆಯವರಿಗೆ, ಊರಿನಲ್ಲಿರುವ ಅಜ್ಜಿಗೆ ಎಲ್ಲ ಫೋಟೋ ಕಳುಹಿಸಿ. 'ಯಾವುದು ಚೆನ್ನಾಗಿದೆ?' ಎಂದು ಕೇಳಬೇಡಿ. 'ಯಾವುದು ಥೇಟ್ ನಮ್ಮ ಪುಟ್ಟಿ ಥರ ಇದೆ?' ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ.
* ಮಗುವನ್ನೂ ಕೇಳಿ. ಮಾತು ಬಲ್ಲ ಮಗುವಿಗೆ ತನ್ನ ಯಾವ ಮುಖ ಗೋಡೆಯ ಮೇಲಿರಬೇಕು ಎಂದು ಹೇಳುವ ಹಕ್ಕಿದೆ.

ಐದರಲ್ಲಿ ಒಂದೂ ಫೋಟೋ ಪಾಸಾಗದಿದ್ದರೆ ಬೇಸರ ಬೇಡ. ನಾಳೆ ಬೆಳಗ್ಗೆ ಕಿಟಕಿಯ ಬಳಿ, ನೆಲದ ಮೇಲೆ ಕೂತು, ಐದಾರು ಅಡಿ ದೂರದಿಂದ ಮತ್ತೆ ತೆಗೆಯಿರಿ. ಆದರೆ ಮುಂದಿನ ರಜೆಗೆ ಎಂದು ಮುಂದೂಡಬೇಡಿ. ರೂಬೆನ್ಸ್‌ನ ಮಗಳು ಕ್ಲಾರಾ 1623ರಲ್ಲಿ, 12ರ ವಯಸ್ಸಿನಲ್ಲೇ ತೀರಿಕೊಂಡಳು. ಆಕೆಯ ಐದನೇ ವಯಸ್ಸಿನ ಆ ನೇರ ನೋಟವನ್ನು ಅಪ್ಪ ಆಗಲೇ ಬರೆದಿಟ್ಟಿದ್ದ. ದೇವರು ದೊಡ್ಡವನು, ನಮ್ಮ ಮಕ್ಕಳು ನೂರು ವರ್ಷ ಬಾಳುತ್ತಾರೆ. ಆದರೂ ಈಗಿರುವ ಈ ಐದು ವರ್ಷದ ಮುಖ ಮುಂದಿನ ವರ್ಷ ಇರುವುದಿಲ್ಲ.